ಬಿಳಿ ತಿಮಿಂಗಿಲದ ಕೊಳಕ್ಕೆ ಬಿದ್ದ ಐದು ರೂಪಾಯಿ

ಮಂಗಳೂರು ವಿಮಾನ ನಿಲ್ದಾಣ

ಮೊದಲ ಹೆದರಿಕೆ ವಿಮಾನ ಹತ್ತುವ ಮೊದಲೇ ಎದುರಾಯಿತು. ತಪಾಸಣೆಯ ಯಂತ್ರದೊಳಗೆ ಹೋದ ನನ್ನ ಕೈಚೀಲ ಹೊರಗೆ ಬರಲಿಲ್ಲ. ಯೂನಿಫಾರ್ಮ್ ತೊಟ್ಟ ಹುಡುಗಿ ಪರದೆ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಪರದೆ ನೋಡಿದಳು.

"ಇದು ಎಂತಮ್ಮ, ಕಪ್ಪಗೆ ಗಟ್ಟಿ ಕಾಣ್ತದಲ್ಲ?"

"ಚಿಲ್ಲರೆ" ಎಂದೆ. ನನ್ನ ಸ್ವರ ನನಗೇ ಕಳ್ಳಿಯ ಸ್ವರದಂತೆ ಕೇಳಿಸಿತು.

ಪುತ್ತೂರಿನಲ್ಲಿ ಬಹಳ ವರ್ಷ ಫ್ಯಾನ್ಸಿ ಅಂಗಡಿ ನಡೆಸಿದವಳು ನಾನು. ಬಳೆ, ರಿಬ್ಬನ್, ಹೇರ್‌ಪಿನ್ನು ಮಾರಿದವಳ ಚೀಲದಲ್ಲಿ ಚಿಲ್ಲರೆ ಇಲ್ಲದಿದ್ದರೆ ಮತ್ತೇನಿರುತ್ತದೆ? ಹುಡುಗಿ ನಕ್ಕು, "ಅಲ್ಲಿ ಇದು ನಡೆಯುದಿಲ್ಲ, ಸುಮ್ಮನೆ ಭಾರ" ಎಂದು ನಾಣ್ಯದ ಗಂಟನ್ನು ವಾಪಸು ಕೊಟ್ಟಳು. ಅಲ್ಲೇ ಎಲ್ಲಾದರೂ ಬಿಟ್ಟು ಹೋಗಬಹುದಿತ್ತು. ಬಿಡಲು ಮನಸ್ಸು ಬರಲಿಲ್ಲ.

ಒಮಾನಿಗೆ ನನ್ನನ್ನು ಕರೆಸಿಕೊಂಡದ್ದು ತಂಗಿ ಶಾಲಿನಿ. ಅವಳ ಗಂಡ ಸದಾನಂದರು ಮದುವೆಗೆ ಮೊದಲಿನಿಂದಲೂ ಮಸ್ಕತ್ತಿನ ಒಂದು ವ್ಯಾಪಾರದ ಕಚೇರಿಯಲ್ಲಿದ್ದಾರೆ. ಒಬ್ಬಳೇ ಮಗಳು ದೀಕ್ಷಾ ಹುಟ್ಟಿದ್ದು, ಓದಿದ್ದು, ಈಜು ಕಲಿತದ್ದು, ಆಮೇಲೆ ಮಕ್ಕಳಿಗೆ ಈಜು ಕಲಿಸಿದ್ದು ಎಲ್ಲ ಅಲ್ಲೇ. "ಊರು" ಎಂದರೆ ಅವಳಿಗೆ ಬೇಸಗೆ ರಜೆಯಲ್ಲಿ ಸೊಳ್ಳೆ ಕಚ್ಚಿಸಿಕೊಳ್ಳುವ ಜಾಗ. "ಅಕ್ಕ, ನೀನು ಬಂದ್ರೆ ಒಂದು ಧೈರ್ಯ" ಎಂದಿದ್ದಳು ಶಾಲಿನಿ ಫೋನಿನಲ್ಲಿ. ನನ್ನಿಂದ ಧೈರ್ಯ ಕೇಳುತ್ತಾಳೆಂದರೆ ಪರಿಸ್ಥಿತಿ ಎಲ್ಲಿಗೆ ಮುಟ್ಟಿರಬೇಕು ಎಂದು ನಾನು ವಿಮಾನದಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ.

ಅಲ್ ಮಬೇಲಾ

ಅವರ ಮನೆಯಿರುವುದು ವಿಮಾನ ನಿಲ್ದಾಣದಿಂದ ಬಹಳ ದೂರವಲ್ಲದ ಅಲ್ ಮಬೇಲಾದಲ್ಲಿ. ಒಂದು ಬೀದಿಯಲ್ಲಿ ಬಿಳಿ ಮನೆಗಳು, ಮುಂದಿನ ಬೀದಿಯಲ್ಲಿ ಗ್ಯಾರೇಜು, ವೆಲ್ಡಿಂಗ್ ಅಂಗಡಿ. ನಡೆದು ಹೋಗುವ ಮನುಷ್ಯ ಕಾಣುವುದೇ ಅಪರೂಪ. ಕೊತ್ತಂಬರಿ ಸೊಪ್ಪಿಗೂ ಕಾರು. ಚಹಾದ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದರೆ ಚಹಾ ಕಾರಿಗೇ ಬರುತ್ತದೆ. ನಮ್ಮೂರಿನಲ್ಲಿ ಹಾಗೆ ಹಾರ್ನ್ ಹೊಡೆದರೆ ಬರುವುದು ಬೈಗುಳ.

ಊಟಕ್ಕೆ ಕುಳಿತಾಗ ವಿಷಯ ಹೊರಬಿತ್ತು. ಸದಾನಂದರ ಕಫೀಲ್, ಅಂದರೆ ಅವರ ವೀಸಾಕ್ಕೆ ಹೊಣೆಯಾದ ಅಲ್ಲಿನ ಧಣಿ, ವ್ಯಾಪಾರ ಮುಚ್ಚುತ್ತಿದ್ದಾರೆ.

"ಒಳ್ಳೆ ಮನುಷ್ಯ ಅಕ್ಕ, ಸುಳ್ಳು ಹೇಳ್ಬಾರದು. ಕೂರಿಸಿ ಚಹಾ ಕೊಟ್ಟು ಹೇಳಿದ್ರು. ಆದ್ರೆ ಖಲಾಸ್. ಬೇಸಗೆಗೆ ಮೊದ್ಲು ಎಲ್ಲ ಮುಗೀತದೆ" ಎಂದರು ಸದಾನಂದರು. ಈ ಪ್ರಾಯದಲ್ಲಿ ಅವರಿಗೆ ಬೇರೆ ಕೆಲಸ ಸಿಗುವುದು ಕಷ್ಟ. ಅವರ ವೀಸಾ ಹೋದರೆ ಹೆಂಡತಿಯದೂ ಹೋಯಿತು, ಮಗಳದೂ ಹೋಯಿತು. ಮಗಳಿಗೇ ಒಂದು ಕೆಲಸ ಸಿಕ್ಕಿದರೆ ಅವಳಾದರೂ ಈ ಕಡೆ ಉಳಿಯಬಹುದು.

ಕೆಲಸ ಸಿಗುವ ಹಾಗೆ ಇತ್ತು. ಊರಿಂದೂರಿಗೆ ಹೋಗಿ ಡೇರೆ ಹಾಕಿ ಬಿಳಿ ತಿಮಿಂಗಿಲದ ಆಟ ತೋರಿಸುವ ಒಂದು ಕಂಪನಿ ಬುರೈಮಿಗೆ ಬಂದಿತ್ತು. ಈಜು ಬಲ್ಲ ಹುಡುಗಿ ಬೇಕಂತೆ. ಮೊದಲು ಸಹಾಯಕಿ, ಆಮೇಲೆ ತರಬೇತುಗಾರ್ತಿ. ಶುಕ್ರವಾರ ಬಂದು ನೋಡಲು ಹೇಳಿದ್ದರು.

"ಅದು ಕಚ್ಚಿದರೆ?" ಎಂದೆ.

"ದೊಡ್ಡಮ್ಮ, ಬೆಲೂಗಾ ಯಾರನ್ನೂ ಕಚ್ಚುದಿಲ್ಲ. ದೇ ಆರ್ ಸೋ ಜೆಂಟಲ್!" ದೀಕ್ಷಾಳ ಕಣ್ಣು ಹೊಳೆಯುತ್ತಿತ್ತು. ಫೋನಿನಲ್ಲಿ ಚಿತ್ರ ತೋರಿಸಿದಳು. ಹಾಲಿನ ಬಣ್ಣ, ಉಬ್ಬಿದ ಹಣೆ, ನಗುತ್ತಿರುವಂಥ ಬಾಯಿ. ಹಿಮದ ಸಮುದ್ರದಲ್ಲಿರುವ ಪ್ರಾಣಿ ಎಂದಳು.

"ಹಿಮದ್ದು ಇಲ್ಲಿ ಎಂತ ಮಾಡ್ತದೆ?"

"ಏಸಿ ನೀರು ಉಂಟಲ್ಲ ಅಕ್ಕ" ಎಂದಳು ಶಾಲಿನಿ, ಎಲ್ಲಕ್ಕೂ ಅದೇ ಉತ್ತರವೆಂಬಂತೆ. "ಹೊತ್ತು ಹೊತ್ತಿಗೆ ಮೀನು ಸಿಗ್ತದೆ, ಡಾಕ್ಟ್ರು ಇದ್ದಾರೆ, ತಿನ್ನುವ ದೊಡ್ಡ ಮೀನಿನ ಹೆದರಿಕೆ ಇಲ್ಲ. ಸಮುದ್ರದಲ್ಲಿ ಏನುಂಟು ಅದಕ್ಕೆ?"

ಸದಾನಂದರು ಅನ್ನ ಕಲಸುತ್ತಾ ತಲೆ ಎತ್ತದೆ ಹೇಳಿದರು: "ನಮ್ಮದೂ ಹಾಗೇ ಅಲ್ವಾ? ಏಸಿ, ಊಟ, ಡಾಕ್ಟ್ರು. ಆದ್ರೆ ನಮ್ಗೆ ವರ್ಷಕ್ಕೊಂದು ಸಲ ಊರಿಗೆ ಟಿಕೆಟ್ ಕೊಡ್ತಾರೆ."

ಶಾಲಿನಿ ಆಗಲೇ ಮಗಳಿಗೆ ಹೊಸ ಸೂಟ್‌ಕೇಸ್ ತಂದು ಮಂಚದ ಕೆಳಗಿಟ್ಟಿದ್ದಳು. ಕೂಸು ಹುಟ್ಟುವ ಮೊದಲೇ ಕುಲಾವಿ.

ಸೀಬ್ ಕಡಲತೀರ

ಮರುದಿನ ಬೆಳಿಗ್ಗೆ ದೀಕ್ಷಾ ನನ್ನನ್ನು ಸೀಬಿನ ಮೀನು ಮಾರುಕಟ್ಟೆಗೆ ಕರೆದೊಯ್ದಳು. ಅಲ್ಲಿ ನಮ್ಮ ಕರಾವಳಿಯ ಅಂಜಲ್ ಮೀನು ಕಂಡು ನನಗೆ ನೆಂಟರು ಸಿಕ್ಕಷ್ಟು ಸಂತೋಷವಾಯಿತು. ಮಾರುವ ಗಡ್ಡದ ಅಜ್ಜ ಪ್ರತಿ ಮೀನಿನ ಕಿವಿರು ಎತ್ತಿ ಕೆಂಪು ತೋರಿಸಿದ. ನಮ್ಮಲ್ಲಿ ಕಿವಿರು ಎತ್ತಿ ನೋಡುವುದು ಕೊಳ್ಳುವವರ ಕೆಲಸ, ಮಾರುವವರು ಮುಖ ಗಂಟಿಕ್ಕುತ್ತಾರೆ.

ಆಮೇಲೆ ದಂಡೆಯಲ್ಲಿ ಕುಳಿತೆವು. ದೀಕ್ಷಾ ನೀರಿನತ್ತ ಕೈ ತೋರಿಸಿ, "ಒಮಾನಿನ ಕಡಲಲ್ಲಿ ತಿಮಿಂಗಿಲ ಇದ್ದಾವೆ ದೊಡ್ಡಮ್ಮ. ಇದರಿಂದ ಆಚೆ, ದೊಡ್ಡ ಸಮುದ್ರದಲ್ಲಿ. ಬೇರೆ ಕಡೆಯವು ಚಳಿ ನೀರಿಗೆ ಹೋಗಿ ಬರ್ತವೆ, ಇಲ್ಲಿಯವು ಹಾಗೆ ಹೋಗುದಿಲ್ಲ, ಈ ಸಮುದ್ರದಲ್ಲೇ ಇರ್ತವೆ. ಹಾಡ್ತವೆ ಸಹ. ಕೆಲವು ನಮ್ಮ ಊರಿನ ಕಡೆಗೂ ಬರ್ತವಂತೆ" ಎಂದಳು.

"ವೀಸಾ?"

ಅವಳು ನಕ್ಕಳು. ನಾನೂ ನಕ್ಕೆ. ಆಮೇಲೆ ಅವಳು ಮರಳಲ್ಲಿ ಬೆರಳಾಡಿಸಿದಳು. "ಅಮ್ಮನಿಗೆ ಹೇಳ್ಬೇಡಿ. ನಂಗೆ ಸ್ವಲ್ಪ ಸರಿ ಅನ್ನಿಸುದಿಲ್ಲ, ಅದನ್ನು ಟ್ಯಾಂಕಲ್ಲಿ ಇಡುದು. ಆದ್ರೆ ನಾನು ಹೋಗದಿದ್ರೆ ಬೇರೆ ಯಾರೋ ಹೋಗ್ತಾರೆ. ನಾನಾದ್ರೆ ಚೆನ್ನಾಗಿ ನೋಡ್ಕೊಳ್ತೇನೆ. ಅಲ್ವಾ?"

ಅವಳು ಕೇಳಿದ್ದು ಪ್ರಶ್ನೆಯನ್ನೋ ಸಮಾಧಾನವನ್ನೋ ನನಗೆ ತಿಳಿಯಲಿಲ್ಲ. "ಹೌದು ಮಗ" ಎಂದೆ.

ಬುರೈಮಿಯ ದಾರಿ

ಶುಕ್ರವಾರ ಹೊರಟೆವು. ಎಡಕ್ಕೆ ಬೋಳು ಗುಡ್ಡ, ಬಲಕ್ಕೆ ಖರ್ಜೂರದ ತೋಟ, ಅದರಾಚೆ ಎಲ್ಲೋ ಕಡಲು. ಸೊಹಾರ್ ದಾಟಿ ರಸ್ತೆ ಗುಡ್ಡಗಳ ಕಡೆ ತಿರುಗಿದ ಮೇಲೆ ಖರ್ಜೂರವೂ ಇಲ್ಲ, ಕಡಲೂ ಇಲ್ಲ. ಇಷ್ಟು ಒಣಗಿದ ಕಡೆಗೆ ತಿಮಿಂಗಿಲ ಲಾರಿಯಲ್ಲಿ ಹೇಗೆ ಬಂದಿತು ಎಂದು ಯೋಚಿಸಿದೆ. ಲಾರಿ ಕೆಟ್ಟು ನಿಂತರೆ? ನೀರು ಚೆಲ್ಲಿದರೆ? ಶಾಲಿನಿ ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದಳು. ಮಗಳ ಹೆಸರಿನಲ್ಲಿ ಎಷ್ಟು ದೇವರಿಗೆ ಹರಕೆ ಹೊತ್ತಿದ್ದಾಳೋ.

ಬುರೈಮಿಗೆ ಮೊದಲು ಒಂದು ಚೆಕ್‌ಪೋಸ್ಟ್. ಎಲ್ಲರ ಕಾರ್ಡು ನೋಡಿದ ತರುಣ ಅಧಿಕಾರಿ ನನ್ನ ಪಾಸ್‌ಪೋರ್ಟ್ ಹಿಡಿದು ಒಳಗೆ ಹೋದ. ಗಡಿಯೂರು ಬೇರೆ, ಆಚೆ ಇನ್ನೊಂದು ದೇಶ. ತಿಳಿಯದೆ ಗಡಿ ದಾಟಿದರೆ ವಾಪಸು ಬಿಡುವುದಿಲ್ಲ ಎಂದು ಸದಾನಂದರು ದಾರಿಯುದ್ದಕ್ಕೂ ಹೇಳಿದ್ದರು. ಹೆದರುವವರ ಮೇಲೆ ಹಾವು ಎಸೆದಂತೆ. ಅಧಿಕಾರಿ ಹೊರಬಂದು ಪಾಸ್‌ಪೋರ್ಟ್ ಕೊಟ್ಟು, "ಯಲ್ಲಾ ಮಾಮಾ, ವೆಲ್ಕಮ್" ಎಂದ. ಯಲ್ಲಾ ಎಂದರೆ ಹೊರಡಿ ಎಂದರ್ಥ, ಅಮ್ಮನಂಥವರನ್ನು ಅಲ್ಲಿ ಮಾಮಾ ಎನ್ನುತ್ತಾರಂತೆ. ನನ್ನ ಸೆರಗು ಬೆವರಿನಿಂದ ತೊಯ್ದಿತ್ತು.

ಡೇರೆಯೊಳಗೆ

ಪೇಟೆಯ ಅಂಚಿನ ಬಯಲಲ್ಲಿ ನೀಲಿ ಡೇರೆ. ಅದರ ಹಿಂದೆ ನೀರು ತಂಪು ಮಾಡುವ ಯಂತ್ರಗಳು ಒಂದೇ ಸಮನೆ ಗುಂಯ್‌ಗುಡುತ್ತಿದ್ದವು. ಸದಾನಂದರಿಗೆ ಕಫೀಲರಿಂದ ಫೋನ್ ಬಂದು ಅವರು ಕಾರಿನ ಹತ್ತಿರವೇ ಉಳಿದರು. ನಾವು ಮೂವರು ಹೆಂಗಸರು ಒಳಗೆ ಹೋದೆವು.

ಕೊಳವೆಂದರೆ ಇಷ್ಟೆಯೇ ಎನ್ನಿಸಿತು. ನಮ್ಮ ಕಡೆಯ ದೊಡ್ಡ ಕಲ್ಯಾಣಮಂಟಪದ ಊಟದ ಕೋಣೆಯಷ್ಟು. ಅದರಲ್ಲಿ ಆ ಬಿಳಿ ದೇಹ ಸುತ್ತುತ್ತಿತ್ತು. ಒಂದೇ ದಿಕ್ಕು, ಒಂದೇ ತಿರುವು, ತಿರುವಿನಲ್ಲಿ ಅದೇ ಜಾಗದಲ್ಲಿ ಮಗ್ಗುಲು. ನಮ್ಮ ದೇವಸ್ಥಾನಗಳಲ್ಲಿ ಸರಪಳಿ ಕಟ್ಟಿದ ಆನೆ ಅತ್ತ ಇತ್ತ ತೂಗುತ್ತಿರುವುದನ್ನು ತೋರಿಸಿ, ಆನೆ ಭಜನೆಗೆ ತಲೆದೂಗುತ್ತಿದೆ ಎಂದು ಮಕ್ಕಳಿಗೆ ಹೇಳುತ್ತೇವಲ್ಲ, ಅದು ನೆನಪಾಯಿತು. ಇಲ್ಲಿ ಭಜನೆಯೂ ಇರಲಿಲ್ಲ.

ತರಬೇತುಗಾರ್ತಿಯ ಹೆಸರು ಐರಿನಾ. ಯಾವುದೋ ಚಳಿದೇಶದವಳು, ನನಗಿಂತ ತುಸು ಚಿಕ್ಕವಳಿರಬೇಕು. ಉಪ್ಪುನೀರಿನಿಂದ ಬಿರಿದ ಕೈಗಳು, ಮೀನಿನ ವಾಸನೆ. ಮೀನಿನ ವಾಸನೆಯವರ ಮೇಲೆ ನನಗೆ ಕೂಡಲೇ ವಿಶ್ವಾಸ ಬರುತ್ತದೆ. ಅವಳು ದೀಕ್ಷಾಳ ಕೈಗೆ ಬಕೆಟ್ ಕೊಟ್ಟು ನೀರಿನ ಮೇಲೆ ತಟ್ಟಲು ಹೇಳಿದಳು. ತಿಮಿಂಗಿಲ ಬಂತು. ತಲೆ ಹೊರಗೆ ಹಾಕಿ ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿತು. ಹಕ್ಕಿಯಂತೆ ಚಿಲಿಪಿಲಿ ಸದ್ದು ಮಾಡಿತು. "ಪ್ರಿನ್ಸೆಸ್" ಎಂದು ಅದರ ಹೆಸರು ಹೇಳಿದಳು ಐರಿನಾ. ದೀಕ್ಷಾ ಮೂತಿ ಸವರಿದಳು. ಅವಳ ಕಣ್ಣಲ್ಲಿ ನೀರು.

ಮರುಕ್ಷಣ ಅದು ಬಾಯ್ತುಂಬ ನೀರು ತೆಗೆದು ನಮ್ಮ ಮೇಲೆ ಫುರ್ರನೆ ಉಗುಳಿತು. ನಾನು ಕಿರುಚಿ ಹಿಂದೆ ಸರಿದೆ. ಶಾಲಿನಿ ಸರಿಯಲಿಲ್ಲ. ತೊಯ್ದ ಮುಖದಲ್ಲಿ ಕೈಮುಗಿದು ನಿಂತಿದ್ದಳು, ತೀರ್ಥ ಬಿದ್ದವಳಂತೆ.

"ಅಕ್ಕ" ಎಂದಳು ಮೆಲ್ಲಗೆ, "ಊರಿನ ಒಂದು ನಾಣ್ಯ ಉಂಟಾ?"

ಯಾಕೆಂದು ನಾನು ಕೇಳಲಿಲ್ಲ. ಕೇಳುವುದೇನು? ನೇತ್ರಾವತಿ ದಾಟುವಾಗ ಬಸ್ಸಿನ ಕಿಟಕಿಯಿಂದ ನಾಣ್ಯ ಹಾಕಿ ಕೈಮುಗಿಯುವವರು ನಾವು. ಕೆರೆ ಕಂಡರೆ, ಕಲ್ಯಾಣಿ ಕಂಡರೆ, ಕೈ ತಾನಾಗಿ ಚಿಲ್ಲರೆಗೆ ಹೋಗುತ್ತದೆ. ಚೀಲದಿಂದ ಐದು ರೂಪಾಯಿ ತೆಗೆದು ಅವಳ ಅಂಗೈಯಲ್ಲಿಟ್ಟೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು, "ನನ್ನ ಮಗಳಿಗೆ ಇದು ಸಿಕ್ಕಲಿ" ಎಂದು ಕೊಳಕ್ಕೆ ಹಾಕಿದಳು.

ನಾಣ್ಯ ಹೊಳೆಯುತ್ತಾ ಕೆಳಗಿಳಿಯಿತು. ತಿಮಿಂಗಿಲ ತಿರುಗಿತು. ಬಾಯಿ ತೆರೆಯಿತು. ಹೊಳಪು ಮಾಯವಾಯಿತು.

ಐರಿನಾ ಆಗ ಮೀನಿನ ಪೆಟ್ಟಿಗೆಯತ್ತ ಬೆನ್ನು ಮಾಡಿದ್ದಳು. ನೋಡಿದವರು ನಾವು ಮೂವರೇ.

"ಅಮ್ಮಾ! ಎಂತ ಹಾಕಿದ್ದು?" ದೀಕ್ಷಾಳ ಸ್ವರ ಒಡೆದಿತ್ತು.

"ಸುಮ್ಮನಿರು" ಶಾಲಿನಿ ಅವಳ ಕೈ ಹಿಡಿದಳು. "ನಾಣ್ಯ ಅಷ್ಟೆ ಮಾರಾಯ್ತಿ. ಅವಳು ನೋಡ್ಲಿಲ್ಲ. ಹೇಳಿದ್ರೆ ಕೆಲ್ಸ ಹೋಯ್ತು. ಇಷ್ಟು ದೊಡ್ಡ ಪ್ರಾಣಿಗೆ ಒಂದು ನಾಣ್ಯ ಎಂತ ಮಾಡ್ತದೆ?"

"ಸಾಯ್ತದೆ ಅಮ್ಮಾ! ಹೊಟ್ಟೆಯಲ್ಲಿ ಉಳಿದ್ರೆ ಸಾಯ್ತದೆ!"

ಶಾಲಿನಿ ನನ್ನತ್ತ ನೋಡಿದಳು. ಧೈರ್ಯಕ್ಕೆಂದು ಕರೆಸಿಕೊಂಡ ಅಕ್ಕನಲ್ಲವೇ ನಾನು! ನಾನು ಚೀಲದ ಬಾಯಿ ಮುಚ್ಚಿ ಹಿಡಿದುಕೊಂಡೆ. ಅಷ್ಟರಲ್ಲಿ ದೀಕ್ಷಾ ಕೈ ಬಿಡಿಸಿಕೊಂಡು ಐರಿನಾಳ ಹತ್ತಿರ ಹೋಗಿ ಎಲ್ಲವನ್ನೂ ಹೇಳಿಬಿಟ್ಟಳು. ಎಸೆದವಳು ತನ್ನ ಅಮ್ಮ ಎಂಬುದನ್ನೂ ಸೇರಿಸಿ.

ಐರಿನಾ ಬೈಯಲಿಲ್ಲ. ಅವಳ ಮುಖ ಬಿಳುಚಿಕೊಂಡಿತು. ಮೊಣಕಾಲೂರಿ ನೀರಿಗೆ ತಟ್ಟಿದಳು, ಮೀನು ತೋರಿಸಿದಳು. ತಿಮಿಂಗಿಲ ಬರಲಿಲ್ಲ. ಸುತ್ತಿತು. ಮತ್ತೆ ತಟ್ಟಿದಳು. ಮತ್ತೆ ಸುತ್ತಿತು. ನಾನು ಕಂಬ ಹಿಡಿದು ನಿಂತೆ. ಒಬ್ಬ ತಾಯಿ ತನ್ನ ಮಗಳಿಗಾಗಿ ಬೇಡಿಕೊಂಡದ್ದು ಇನ್ನೊಂದು ಜೀವದ ಹೊಟ್ಟೆಯಲ್ಲಿ ಕುಳಿತಿದೆ, ಕೊಟ್ಟ ಕೈ ನನ್ನದು. ಊರಿನ ಎಲ್ಲ ದೇವರಿಗೂ ನಾನು ಹರಕೆ ಹೇಳಿಕೊಂಡೆ. ಆದರೆ ಯಾವ ದೇವರಿಗೂ ನಾಣ್ಯ ಹಾಕುತ್ತೇನೆ ಎನ್ನಲು ಧೈರ್ಯವಾಗಲಿಲ್ಲ.

ಕಡೆಗೆ ಅದು ಆಳಕ್ಕೆ ಹೋಗಿ, ಮೂಲೆಯ ಜಾಲರಿಯ ಹತ್ತಿರ ತಡಕಾಡಿ, ಮೇಲೆ ಬಂತು. ಐರಿನಾಳ ಅಂಗೈಯಲ್ಲಿ ಏನನ್ನೋ ಇಟ್ಟಿತು. ಅದು ನಾಣ್ಯವಲ್ಲ, ಮಕ್ಕಳ ಹೇರ್‌ಪಿನ್ನು. ಅವಳು ಮೀನು ಕೊಟ್ಟಳು. ಮತ್ತೆ ಮುಳುಗಿತು. ಒಂದು ಗುಂಡಿ ತಂತು. ಮೀನು. ಆಮೇಲೆ ಯಾವುದೋ ದೇಶದ ನಾಣ್ಯ. ಮೀನು. ಪಾಪದ ಪ್ರಾಣಿ, ಮಾಡಲು ಬೇರೆ ಕೆಲಸವಿಲ್ಲದೆ, ಯಾವ್ಯಾವ ಊರಿನಲ್ಲೋ ಬಿದ್ದದ್ದನ್ನು ಬಾಯಲ್ಲಿ ಹೊತ್ತು ಅಡಗಿಸಿಟ್ಟುಕೊಂಡಿತ್ತು. ಕೊನೆಗೆ ಬಂತು ನಮ್ಮ ಐದು ರೂಪಾಯಿ. ದೀಕ್ಷಾ ನೆಲದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಅಳತೊಡಗಿದಳು. ಶಾಲಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಆಗ ಹಿಂದಿನಿಂದ ಚಪ್ಪಾಳೆ ಕೇಳಿಸಿತು.

ಮ್ಯಾನೇಜರ್

ಎಷ್ಟು ಹೊತ್ತಿನಿಂದ ನಿಂತಿದ್ದನೋ. ನಮ್ಮ ದೇಶದವನೇ, ಮುಂಬೈ ಕಡೆಯ ಹಿಂದಿ. ಬಹಳ ಮರ್ಯಾದೆಯ ಮನುಷ್ಯ, ನಮಗೆಲ್ಲ ನಮಸ್ಕಾರ ಮಾಡಿದ. ಶಾಲಿನಿ ಅಳುತ್ತಲೇ ತಪ್ಪಾಯಿತು ಎಂದಳು.

"ತಪ್ಪೇ? ಅರೇ ದೀದಿ, ಇದು ಎಂಥ ಐಟಂ!" ಎಂದ ಅವನು ಹಿಂದಿಯಲ್ಲಿ. "ಜನ ನಾಣ್ಯ ಹಾಕುತ್ತಾರೆ, ಮನಸ್ಸಲ್ಲಿ ಏನಾದರೂ ಬೇಡಿಕೊಳ್ಳುತ್ತಾರೆ, ಪ್ರಿನ್ಸೆಸ್ ತಂದುಕೊಡುತ್ತಾಳೆ. ತಂದುಕೊಟ್ಟರೆ ಬೇಡಿಕೆ ಈಡೇರಿತು. ಮಕ್ಕಳಿಗೆ ಹುಚ್ಚು ಹಿಡಿಯುತ್ತದೆ!"

ಐರಿನಾ ತನ್ನ ಮುರುಕು ಇಂಗ್ಲಿಷಿನಲ್ಲಿ, ನುಂಗುತ್ತದೆ, ಸಾಯುತ್ತದೆ ಎಂದಳು. "ಈಗ ಕೊಟ್ಟಿತಲ್ಲ?" ಎಂದ ಮ್ಯಾನೇಜರ್, ಅಷ್ಟೇ ಮರ್ಯಾದೆಯಿಂದ. ಆಮೇಲೆ ದೀಕ್ಷಾಳ ಕಡೆ ತಿರುಗಿ, "ಬೇಟಿ, ನಿನ್ನ ಕಾಲ್ಗುಣ ಒಳ್ಳೆಯದು. ಕೆಲಸ ನಿನ್ನದೇ. ಈ ಐಟಂ ನೀನೇ ನೋಡಿಕೋ" ಎಂದ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತೇವೆ. ಆದರೆ ಗಾದೆಯ ಬೆಕ್ಕು ಹೀಗೆ ಕೈಮುಗಿದು ಮಾತಾಡುವುದಿಲ್ಲ.

ಶಾಲಿನಿ ತಿಂಗಳುಗಟ್ಟಲೆ ಬೇಡಿಕೊಂಡಿದ್ದ ಮಾತು ಅದು. ನಾನು ಅವಳ ಮುಖ ನೋಡಿದೆ. ಅಲ್ಲಿ ಸಂತೋಷವಿರಲಿಲ್ಲ.

ದೀಕ್ಷಾ ಎದ್ದು ಮುಖ ಒರೆಸಿಕೊಂಡಳು. "ಸಾರಿ ಸರ್. ನಂಗೆ ಬೇಡ."

"ಯೋಚಿಸು. ಅವಸರವಿಲ್ಲ" ಎಂದು ಅವನು ಬಾಗಿಲು ತೆರೆಸಲು ಹೋದ. ಆಟಕ್ಕೆ ಜನ ಸೇರಿದ್ದರು. ಐರಿನಾ ನಾಣ್ಯವನ್ನು ತೊಳೆದು ನನ್ನ ಕೈಗಿಟ್ಟಳು. ದೀಕ್ಷಾಳ ಹೆಗಲು ಹಿಡಿದು, ಅವಳ ಫೋನ್ ನಂಬರು ಕೇಳಿ ತೆಗೆದುಕೊಂಡಳು. ನಾವು ಕಾರು ಹತ್ತುವಾಗ ಡೇರೆಯೊಳಗೆ ಮೈಕು, ಸಂಗೀತ, ಮಕ್ಕಳ ಕೇಕೆ.

"ಎಂತಾಯ್ತು?" ಎಂದು ಕೇಳಿದರು ಸದಾನಂದರು.

"ಯಲ್ಲಾ, ಹೋಗುವ ಪಪ್ಪಾ" ಎಂದಳು ದೀಕ್ಷಾ. ಸೊಹಾರ್ ಬಂದಾಗ ಶಾಲಿನಿ ಒಮ್ಮೆಲೇ, "ನಂಗೆ ಗೊತ್ತಿರ್ಲಿಲ್ಲ ಅಕ್ಕ" ಎಂದಳು. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವರ ಕೈಯಲ್ಲೇ ಚಿಲ್ಲರೆ ಇರುವುದು.

ಉಳಿದ ದಿನಗಳಲ್ಲಿ ಕೋಟೆ ನೋಡಿದೆ, ಮಸೀದಿ ನೋಡಿದೆ, ಕಡುಮಧುರ ಹಲ್ವಾ ತಿಂದೆ. ಯಾವುದೂ ನೆನಪಿನಲ್ಲಿ ನಿಂತಿಲ್ಲ. ಮನೆಯಲ್ಲಿ ಊರಿಗೆ ಹೋಗುವ ಮಾತು ಶುರುವಾಗಿತ್ತು. ದೀಕ್ಷಾ ಎಲ್ಲದಕ್ಕೂ "ಓಕೆ" ಎನ್ನುತ್ತಿದ್ದಳು. ಮಂಚದ ಕೆಳಗಿನ ಸೂಟ್‌ಕೇಸನ್ನು ಯಾರೂ ಹೊರಗೆ ತೆಗೆಯಲಿಲ್ಲ.

ಪಾಣೆಮಂಗಳೂರು ಸೇತುವೆ

ಪ್ರವಾಸ ಮುಗಿದು ಮನೆ ಸೇರಿದರೆ ಕಥನವೂ ಮುಗಿಯಬೇಕು. ನನ್ನದು ಮುಗಿದದ್ದು ಆಮೇಲೆ, ಏನೋ ಕೆಲಸಕ್ಕೆ ಮಂಗಳೂರಿಗೆ ಹೊರಟಿದ್ದ ಬಸ್ಸಿನಲ್ಲಿ.

ಪಾಣೆಮಂಗಳೂರು ಹತ್ತಿರವಾಗುವಾಗ ಶಾಲಿನಿಯ ಫೋನ್.

"ಅಕ್ಕ, ದೀಕ್ಷಾ ಹೋದ್ಲು."

"ಎಲ್ಲಿಗೆ?"

"ಅಲ್ಲಿಗೇ."

ಕಂಪನಿ ಬುರೈಮಿಯಿಂದ ಗಡಿಯಾಚೆ ಇನ್ನೊಂದು ಊರಿಗೆ ಹೋಗಿದೆಯಂತೆ. ಅಲ್ಲಿಂದ ಐರಿನಾ ವೀಡಿಯೋ ಕಳಿಸಿದ್ದಳಂತೆ. ಮೈಕಿನವನು ಹೇಳುತ್ತಾನೆ, ಜನ ಕಣ್ಣು ಮುಚ್ಚಿ ಬೇಡಿಕೊಂಡು ನಾಣ್ಯ ಹಾಕುತ್ತಾರೆ. ಒಂದಲ್ಲ, ಎರಡಲ್ಲ, ನಾಲ್ಕೂ ಕಡೆಯಿಂದ ಮಳೆ ಬಿದ್ದಂತೆ. ತಿಮಿಂಗಿಲ ಒಂದೊಂದಾಗಿ ತಂದುಕೊಡುತ್ತದೆ. ಜನ ಎದ್ದು ಹೋಗುತ್ತಾರೆ. ಬಿದ್ದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂದು ಒಬ್ಬಳಿಂದ ನೋಡಲಾಗುವುದಿಲ್ಲ ಎಂದು ಐರಿನಾ ಬರೆದಿದ್ದಳಂತೆ.

"ನಾನು ಕಾಲು ಹಿಡಿದೆ ಅಕ್ಕ, ಹೋಗ್ಬೇಡ, ಊರಿಗೆ ಹೋಗಿ ಹೇಗಾದ್ರೂ ಬದುಕುವ ಅಂತ. ಅವಳು ಎಂತ ಹೇಳಿದ್ಳು ಗೊತ್ತುಂಟಾ? 'ಅಮ್ಮಾ, ಹಾಕಲಿಕ್ಕೆ ಶುರು ಮಾಡಿದ್ದು ನಾವು. ಯಾರಾದ್ರೂ ಕೌಂಟ್ ಮಾಡ್ಬೇಕಲ್ಲ' ಅಂತ." ಶಾಲಿನಿ ಬಿಕ್ಕಿದಳು. "ನಾನು ಕೇಳಿಕೊಂಡದ್ದೇ ಆಯ್ತಲ್ಲ ಅಕ್ಕ. ಅವಳಿಗೆ ಇದು ಸಿಕ್ಕಲಿ ಅಂತ ತಾನೇ ಹಾಕಿದ್ದು."

ನಾನು ಚೀಲದೊಳಗೆ ಕೈ ಹಾಕಿದೆ. ಅಲ್ಲಿ ಆ ನಾಣ್ಯ ಉಳಿದವುಗಳ ಜೊತೆ ಸೇರಿಹೋಗಿದೆ. ಯಾವುದೆಂದು ಈಗ ನನಗೇ ಗುರುತಾಗುವುದಿಲ್ಲ.

ಬಸ್ಸು ಸೇತುವೆಗೆ ಬಂತು. ಕೆಳಗೆ ನೇತ್ರಾವತಿ ಮೌನವಾಗಿ ಹರಿಯುತ್ತಿತ್ತು. ಮುಂದಿನ ಸೀಟಿನ ಹೆಂಗಸು ಮಡಿಲಲ್ಲಿದ್ದ ಮಗುವಿನ ಹಣೆಗೆ ನಾಣ್ಯ ಮುಟ್ಟಿಸಿ, ಕಣ್ಣಿಗೊತ್ತಿಕೊಂಡು, ಕಿಟಕಿಯಾಚೆ ಹಾಕಿದಳು. ಅದು ಎಲ್ಲಿ ಬಿತ್ತೆಂದು ನಾನು ಬಗ್ಗಿ ನೋಡಿದೆ. ಕಾಣಲಿಲ್ಲ.